ಹೊರಗಿನವಳ ಒಂದು ಬೆರಳು ನೆಲ

ನಮ್ಮ ಗೋಲೊ ಲೆಂಬುರಿನಲ್ಲಿ ಮಗು ಹುಟ್ಟಿದ ಕೂಡಲೇ ಅದರ ಆಸ್ತಿಯ ವಿಚಾರ ಇತ್ಯರ್ಥವಾಗಿಬಿಡುತ್ತದೆ. ಬೇರೆ ಕಡೆ ಇದಕ್ಕೆ ವಕೀಲರು, ಮುದ್ರೆ, ಸಾಕ್ಷಿ, ಅಣ್ಣತಮ್ಮಂದಿರ ಹೊಡೆದಾಟ ಎಲ್ಲವೂ ಬೇಕಾಗುತ್ತವಂತೆ. ನಮ್ಮಲ್ಲಿ ಒಂದು ಬಿದಿರಿನ ಗೋಡೆ ಇದ್ದರೆ ಸಾಕು. ಸೂಲಗಿತ್ತಿ ಒಳಗಿರುತ್ತಾಳೆ. ಮನೆತನದ ಗಂಡಸೊಬ್ಬನು ಹೊರಗೆ ನಿಂತು ಗೋಡೆಯನ್ನು ದಬದಬನೆ ಬಡಿದು, "ಒಳಗಿನವರೋ, ಹೊರಗಿನವರೋ?" ಎಂದು ಕೂಗಿ ಕೇಳುತ್ತಾನೆ. ಗಂಡಾಗಿದ್ದರೆ ಸೂಲಗಿತ್ತಿ "ಒಳಗಿನವರು" ಎನ್ನುತ್ತಾಳೆ. ಹೆಣ್ಣಾಗಿದ್ದರೆ "ಹೊರಗಿನವರು" ಎನ್ನುತ್ತಾಳೆ. ಮುಗಿಯಿತು. ಇನ್ನೂ ಕಣ್ಣು ಬಿಡದ ಕೂಸಿಗೆ ಹೊಲ ಉಂಟೋ ಇಲ್ಲವೋ ಎಂಬುದು ಅದರ ಹೊಕ್ಕುಳಬಳ್ಳಿ ಕತ್ತರಿಸುವುದಕ್ಕೂ ಮೊದಲೇ ನಿಶ್ಚಯವಾಗಿರುತ್ತದೆ. ಇಷ್ಟು ಚುರುಕಾಗಿ ಕೆಲಸ ಮಾಡುವ ನ್ಯಾಯಾಲಯ ಪ್ರಪಂಚದಲ್ಲಿ ಇನ್ನೊಂದಿಲ್ಲವೆಂದು ನಮಗೆ ಸ್ವಲ್ಪ ಹೆಮ್ಮೆಯೂ ಇದೆ.

ಬ್ಲಾಸಿಯುಸ್ ಪಾಂತುರನ ಹೆಂಡತಿ ಕ್ರಿಸ್ಪಿನಾ ಹೆತ್ತಾಗ ಗೋಡೆ ಬಡಿದವನು ಪಾಂತುರನ ಅಣ್ಣ ವಿತಾಲಿಸ್. "ಹೊರಗಿನವರು" ಎಂಬ ಉತ್ತರ ಕೇಳಿ ಅವನು ದೇವರಿಗೆ ವಂದನೆ ಹೇಳಿದ್ದು ಅಗತ್ಯಕ್ಕಿಂತ ತುಸು ಗಟ್ಟಿಯಾಗಿತ್ತೆಂದು ಆಗ ಅಂಗಳದಲ್ಲಿದ್ದವರು ಹೇಳುತ್ತಿದ್ದರು. ಅವನಿಗೆ ಆಗಲೇ ಗಂಡುಮಕ್ಕಳಾಗಿದ್ದವು. ಮಗುವಿಗೆ ಪಾದ್ರಿಗಳು ಎಮೆರೆನ್ಸಿಯಾನಾ ಎಂದು ಹೆಸರಿಟ್ಟರು. ಯಾರೋ ಮಹಾ ಸಂತಳ ಹೆಸರಂತೆ. ಹೆಸರೇ ಅವಳ ಅಪ್ಪನ ಹೊಲದ ತುದಿಗಿಂತ ಅಗಲವಾಗಿತ್ತು. ಊರಿನವರು ಅದನ್ನು ಸವೆಸಿ ಸವೆಸಿ ರೆನ್ಸಿ ಎಂದು ಮಾಡಿಕೊಂಡರು.

ಹೊಲದ ತುದಿ ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ನಮ್ಮ ಹೊಲಗಳು ಜೇಡರ ಬಲೆಯ ಹಾಗೆ. ನಟ್ಟನಡುವೆ ಒಂದು ಗೂಟ ನೆಟ್ಟಿರುತ್ತದೆ. ಹೊಲ ಹಂಚುವ ಹಿರಿಯರನ್ನು ನಾವು ತೆನೊ ಎಂದು ಕರೆಯುತ್ತೇವೆ. ಅವರು ಆ ಗೂಟದ ಸುತ್ತ ತಮ್ಮ ಬೆರಳಿಟ್ಟು ಪಾಲು ಅಳೆಯುತ್ತಾರೆ. ಒಬ್ಬನಿಗೆ ಹೆಬ್ಬೆರಳು, ಇನ್ನೊಬ್ಬನಿಗೆ ನಡುಬೆರಳು, ಪಾಪದವನಿಗೆ ಕಿರುಬೆರಳು. ಅಲ್ಲಿಂದ ಹಗ್ಗ ಎಳೆದುಕೊಂಡು ಹೋದರೆ, ಗೂಟದ ಬಳಿ ಬೆರಳಗಲವಿದ್ದ ಪಾಲು ಹೊರ ಅಂಚಿಗೆ ಹೋಗುವಷ್ಟರಲ್ಲಿ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಹೆಸರಿಗೆ ಮೊದಲು ನಮ್ಮಲ್ಲಿ ಗೌರವಕ್ಕೆ ಪಾಕ್ ಎಂದು ಸೇರಿಸುತ್ತಾರೆ; ಉಪಾಧ್ಯಾಯನಾದ ನನ್ನನ್ನು ಪಾಕ್ ಗುರು ಎನ್ನುತ್ತಾರೆ. ಶಾಲೆಯಲ್ಲಿ ನಾನು ತ್ರಿಕೋನದ ಪಾಠ ಮಾಡುವಾಗ ಹಲಗೆಯ ಮೇಲೆ ಮೂರು ಗೆರೆ ಎಳೆದು, "ಇದೇನು?" ಎಂದು ಕೇಳಿದರೆ ಮಕ್ಕಳೆಲ್ಲ ಒಟ್ಟಿಗೆ "ಹೊಲ!" ಎಂದು ಕೂಗುತ್ತಿದ್ದರು. ರೆನ್ಸಿ ಮಾತ್ರ ಎದ್ದು ನಿಂತು, "ಯಾರದ್ದು, ಪಾಕ್ ಗುರು?" ಎಂದು ಕೇಳಿದಳು.

ಪಾಂತುರನಿಗೆ ಬಂದದ್ದು ಹೆಬ್ಬೆರಳಿನ ಪಾಲೇ. ಆದರೆ ಅದರ ಅಗಲವಾದ ಭಾಗ ಹೋಗಿ ಬಿದ್ದದ್ದು ಗುಡ್ಡದ ನೆತ್ತಿಗೆ. ಅಲ್ಲಿದ್ದದ್ದು ಕಲ್ಲು, ಹುಲ್ಲು, ಸದಾ ಬೀಸುವ ಗಾಳಿ, ಮತ್ತು ದೂರದಲ್ಲಿ ಒಂದು ಪಟ್ಟಿಯಷ್ಟು ಸಮುದ್ರ. ಸಮುದ್ರದಲ್ಲಿ ಜೋಳ ಬಿತ್ತಲಾಗುವುದಿಲ್ಲವಾದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. "ತಮ್ಮನಿಗೆ ಒಳ್ಳೇ ಗಾಳಿ ಸಿಕ್ಕಿತು" ಎಂದು ವಿತಾಲಿಸ್ ಸಂತಾಪ ಸೂಚಿಸಿದನು. ಅವನ ಸ್ವಂತ ಪಾಲು ಕೆಳಗೆ ಹೊಳೆಯ ಕಡೆಗೆ, ಕಪ್ಪು ಮಣ್ಣಿನಲ್ಲಿತ್ತು.

ಪಾಂತುರ್ ಮೃದು ಸ್ವಭಾವದವನು. ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ಕೊನೆಗೆ ನಿಂತು, ಎಲ್ಲರೂ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಹಾಡುತ್ತಿದ್ದನು. ಅವನಿಗೆ ಬೇರೆ ಮಕ್ಕಳಾಗಲಿಲ್ಲ. ರೆನ್ಸಿ ಆರನೆಯ ತರಗತಿ ಮುಗಿಸಿ ಗುದ್ದಲಿ ಹಿಡಿದಳು. ಮೇಲಿನ ಕಲ್ಲುಗಳನ್ನು ಆಯ್ದು ಒಡ್ಡು ಕಟ್ಟಿದಳು. ಗಾಳಿಗೆ ಅಡ್ಡವಾಗಿ ಬಿದಿರು ಹಾಕಿದಳು. ಬಿದಿರು ಎದ್ದ ಮೇಲೆ ಅದರ ಮರೆಯಲ್ಲಿ ಕಾಫಿ ನೆಟ್ಟಳು. ಅಪ್ಪ ಮಗಳು ಕೂಡಿ ಒಂದು ಬದಿಗೆ ಲವಂಗದ ಸಸಿಗಳನ್ನು ಇಟ್ಟರು. ಮದುವೆಗೆ ಕೇಳಿಕೊಂಡು ಬಂದವರಿಗೇನೂ ಕೊರತೆಯಿರಲಿಲ್ಲ. ಆದರೆ ಅವರೆಲ್ಲ ಬರುತ್ತಿದ್ದದ್ದು ಕಾಫಿ ಹೂವಿನ ಕಾಲದಲ್ಲಿ. "ಈಗ ಬಿಟ್ಟು ಹೇಗೆ ಬರಲಿ? ಹೂವು ಕಾಯಿ ಕಚ್ಚುವ ಹೊತ್ತು" ಎಂದು ಅವಳು ಹೇಳಿ ಕಳಿಸುತ್ತಿದ್ದಳು. ಕಾಫಿ ಪ್ರತಿ ವರ್ಷವೂ ಹೂ ಬಿಡುತ್ತದೆ. ಕೊನೆಗೆ ಕೇಳುವವರೇ ಬೇಸತ್ತರು.

ಇನ್ನು ನಮ್ಮ ಊರಿನ ನೆಲದ ಭವಿಷ್ಯದ ಮಾತು. ಅದು ಬಹಳ ಉಜ್ವಲವಾಗಿದೆ. ನಾನು ಎಳೆಯ ಉಪಾಧ್ಯಾಯನಾಗಿ ಇಲ್ಲಿಗೆ ಬಂದಾಗಿನಿಂದಲೂ ಉಜ್ವಲವಾಗಿಯೇ ಇದೆ. ಬರುವ ವರ್ಷ ಟಾರು ರಸ್ತೆ ಬರುವುದಿತ್ತು. ಪ್ರತಿ ಬೇಸಗೆಯಲ್ಲೂ ಟೋಪಿ ಹಾಕಿದ ಯಾರೋ ಬಂದು ದಾರಿಯುದ್ದಕ್ಕೂ ಕೆಂಪು ತುದಿಯ ಗೂಟಗಳನ್ನು ಹೊಡೆದು, ಕಾಫಿ ಕುಡಿದು ಹೋಗುತ್ತಿದ್ದರು. ಗೂಟಗಳು ಒಳ್ಳೆಯ ಮರದವು. ಆದ್ದರಿಂದ ಮಳೆಗಾಲದಲ್ಲಿ ಒಲೆ ಹೊತ್ತಿಸುವುದಕ್ಕೆ ನಮ್ಮ ಹೆಂಗಸರು ರಸ್ತೆಯನ್ನು ಬಹುವಾಗಿ ನೆಚ್ಚಿಕೊಂಡಿದ್ದರು.

ಲಾಬುವಾನ್ ಬಾಜೊ ಬಂದರಿಗೆ ಪ್ರವಾಸಿಗರು ದಂಡುಗಟ್ಟಿ ಬರತೊಡಗಿದ ಮೇಲೆ ಭವಿಷ್ಯ ಇನ್ನೂ ಹತ್ತಿರಕ್ಕೆ ಬಂತು. ಸಮುದ್ರ ಕಾಣುವ ಗುಡ್ಡಗಳಿಗೆಲ್ಲ ಬೆಲೆ ಏರಿತೆಂಬ ಸುದ್ದಿ ಸಂತೆಯಿಂದ ಸಂತೆಗೆ ಹರಡಿತು. ಊರಿನ ಮುದುಕರೂ "ವ್ಯೂ" ಎಂಬ ಮಾತನ್ನು ಕಲಿತರು. ಅದುವರೆಗೆ ಗಾಳಿ ಗುಡ್ಡವೆಂದು ಕರೆಸಿಕೊಂಡದ್ದು ಒಂದೇ ತಿಂಗಳಲ್ಲಿ ವ್ಯೂ ಗುಡ್ಡವಾಯಿತು. ಒಬ್ಬ ಪುಣ್ಯಾತ್ಮನು ಹಂದಿಗೂಡಿನ ಗೋಡೆಯ ಮೇಲೆ "ಮಾರಾಟಕ್ಕಿದೆ" ಎಂದು ದೊಡ್ಡದಾಗಿ ಬರೆಸಿದನು. ಅವನ ಮನಸ್ಸಿನಲ್ಲಿದ್ದದ್ದು ಜಮೀನು. ಬಂದವರೆಲ್ಲ ಹಂದಿಯ ಬೆಲೆ ಕೇಳಿ ಹೋದರು.

ಪಾಂತುರ್ ತೀರಿಕೊಂಡದ್ದು ಆ ಕಾಲದಲ್ಲೇ. ಕೆಮ್ಮು ಹಿಡಿದು, ಮಳೆಗಾಲ ಕಳೆಯುವಷ್ಟರಲ್ಲಿ ಹೋದನು. ಮಣ್ಣು ಕೊಟ್ಟು ಬಂದ ದಿನ ವಿತಾಲಿಸ್ ತುಂಬ ಅತ್ತನು. ಅಳು ನಿಜವೇ, ನಾನು ಪಕ್ಕದಲ್ಲಿದ್ದೆ. ಆದರೆ ಅಳುತ್ತಳುತ್ತಲೇ ಅವನ ದೃಷ್ಟಿ ವ್ಯೂ ಗುಡ್ಡದ ಕಡೆಗೆ ಹೋಗಿ ಬರುತ್ತಿತ್ತು. ಗಂಡುಮಕ್ಕಳಿಲ್ಲದವನ ಪಾಲು ಅಣ್ಣತಮ್ಮಂದಿರ ಗಂಡುಮಕ್ಕಳಿಗೆ ಸೇರಬೇಕು. ಮನೆತನದ ಗಂಡಸರೆಲ್ಲ ತಲೆಯಾಡಿಸಿದರೆ ಹೆಣ್ಣುಮಗಳಿಗೂ ಒಂದು ತುಂಡು ಕೊಡುವುದುಂಟು. ಈ ತಲೆಗಳು ಬೇರೆ ವಿಷಯಗಳಿಗೆ ಗಾಳಿಗೆ ಸಿಕ್ಕ ಜೋಳದಂತೆ ಆಡುತ್ತಿದ್ದವು. ಈ ವಿಷಯಕ್ಕೆ ಮಾತ್ರ ಕತ್ತು ಹಿಡಿದುಕೊಂಡಿತು.

"ನನಗೇನು ಆಸೆಯೇ?" ಎಂದು ವಿತಾಲಿಸ್ ನನ್ನೆದುರು ನಿಟ್ಟುಸಿರಿಟ್ಟನು. ಒಂದು ಸಿಗರೇಟನ್ನು ಎರಡು ತುಂಡು ಮಾಡಿ, ಒಂದನ್ನು ಕಿವಿಯ ಮೇಲಿಟ್ಟುಕೊಂಡು, ಇನ್ನೊಂದನ್ನು ಹಚ್ಚಿದನು. ಅದು ಅವನ ಯಾವತ್ತಿನ ಕ್ರಮ. "ಸಂಪ್ರದಾಯ, ಪಾಕ್ ಗುರು. ನಾನು ಬೇಡ ಅಂದ್ರೂ ಸಂಪ್ರದಾಯ ಬಿಡಬೇಕಲ್ಲ?"

"ಬಿಟ್ಟು ನೋಡಿದೀಯಾ?" ಎಂದೆ.

"ಯಾವತ್ತಾದ್ರೂ ನೋಡ್ತೀನಿ" ಎಂದನು.

ತಾಯಿ ಮಗಳು ಇರುವಷ್ಟು ದಿನ ಮನೆಯಲ್ಲಿ ಇದ್ದುಕೊಳ್ಳಬಹುದು, ಹೊಲ ಬಿಡಬೇಕು ಎಂದು ತೀರ್ಮಾನವಾಯಿತು. ಎರಡು ಕಾಫಿ ಕೊಯ್ಲುಗಳವರೆಗೆ ಆ ತೀರ್ಮಾನವನ್ನು ಯಾರೂ ಜಾರಿಗೆ ತರಲಿಲ್ಲ. ಕಾಫಿ ಕೀಳುವುದು ಕಷ್ಟದ ಕೆಲಸ. ವಿತಾಲಿಸನ ಮೂವರು ಗಂಡುಮಕ್ಕಳೂ ಕಷ್ಟಕ್ಕೆ ಅಭ್ಯಾಸವಾದವರಲ್ಲ. ರೆನ್ಸಿ ಎಂದಿನಂತೆ ಬೆಳಗಾಗೆದ್ದು ಮೇಲೆ ಹೋಗುತ್ತಿದ್ದಳು. ಮಾತು ಬಂದಾಗ, "ನನ್ನ ಗಿಡ ನನ್ನ ಕೈ ಬಿಟ್ಟು ಹೋದ್ರೆ ನಾನು ಯಾವ ಮನೆಯ ಆಳು ಅಂತ ಹೇಳಿಕೊಳ್ಳಲಿ?" ಎಂದು ತಾಯಿಯ ಹತ್ತಿರ ಹೇಳಿದ್ದಳಂತೆ. ಅದಕ್ಕಿಂತ ಹೆಚ್ಚು ಅವಳು ಯಾರ ಹತ್ತಿರವೂ ಹೇಳಲಿಲ್ಲ.

ಮೂರನೆಯ ವರ್ಷ ನೆಲ ಕೊಳ್ಳುವುದಕ್ಕೆಂದು ಜಕಾರ್ತದಿಂದ ಪಾಕ್ ಲುಕ್ಮಿತೊ ಬಂದರು. ಹೊಳೆಯವರೆಗೆ ಕಾರು, ಅಲ್ಲಿಂದ ವಿತಾಲಿಸನ ಹಿರಿಮಗ ಫ್ಲಾವಿಯಾನುಸನ ಮೋಟರ್‌ಬೈಕಿನ ಹಿಂದುಗಡೆ. ಬಿಳಿ ಅಂಗಿ, ಬಿಳಿ ಬೂಟು. ಬೂಟು ಹೊಳೆ ದಾಟುವಾಗಲೇ ನಮ್ಮೂರಿನದಾಗಿತ್ತು. ಸಂಭಾವಿತ ಮನುಷ್ಯರು. ಕಂಡದ್ದನ್ನೆಲ್ಲ ಮೆಚ್ಚಿಕೊಂಡರು. ಮರಗೆಣಸಿನ ಸೊಪ್ಪನ್ನು ಮೆಚ್ಚಿದರು, ಹಂದಿಗಳನ್ನು ಮೆಚ್ಚಿದರು, ಗುಡ್ಡದ ನೆತ್ತಿಯಲ್ಲಿ ನಿಂತು ಎರಡೂ ಕೈ ಚಾಚಿದರು.

"ಆಹಾ, ಏನು ಗಾಳಿ ಇಲ್ಲಿ!"

"ಗಾಳಿಗೆ ಬೇರೆ ದುಡ್ಡಿಲ್ಲ ಪಾಕ್, ಜತೇಲೇ ಬರುತ್ತೆ" ಎಂದು ವಿತಾಲಿಸ್ ಭರವಸೆ ಕೊಟ್ಟನು.

"ಈ ಕಾಫಿ ಗಿಡಗಳು?"

"ಒಂದು ದಿನದಲ್ಲಿ ಕಡಿಸಿ ಹಾಕ್ತೀನಿ."

ರೆನ್ಸಿ ಅಲ್ಲೇ ಬಿದಿರಿನ ಬುಡದಲ್ಲಿ ಕಳೆ ಕೀಳುತ್ತಿದ್ದಳು. ಪಾಕ್ ಲುಕ್ಮಿತೊ ಅವಳ ಕಡೆ ನೋಡಿ, ಕೆಲಸದವಳೆಂದುಕೊಂಡು, "ಇಲ್ಲಿ ಹೋಟೆಲು ಬಂದ ಮೇಲೆ ಇವರಿಗೂ ಕೆಲಸ ಕೊಡೋಣ. ಇಂಥವರನ್ನ ಬಿಡಬಾರದು" ಎಂದು ಉದಾರವಾಗಿ ಹೇಳಿದರು. ರೆನ್ಸಿ ತಲೆ ಎತ್ತದೆ, "ದೇವರು ನಿಮಗೆ ಒಳ್ಳೇದು ಮಾಡಲಿ, ಪಾಕ್. ನೀವು ನಿಂತಿರೋದು ಇರುವೆ ಗೂಡಿನ ಮೇಲೆ" ಎಂದಳು.

ಅವರಿಗೆ ಬೇಕಾದದ್ದು ನೆತ್ತಿಯ ಚೌಕ. ಹೊಲ ಯಾಕೆ ಹೀಗೆ ಮೂಲೆ ಹಿಡಿದುಕೊಂಡು ಸೊಟ್ಟಗಿದೆ ಎಂದು ಅವರು ಕೇಳಿದ್ದಕ್ಕೆ, "ಅದು ನೇರವಾಗೇ ಇದೆ, ನೀವು ಅಡ್ಡ ನಿಂತಿದೀರಿ" ಎಂದು ಫ್ಲಾವಿಯಾನುಸ್ ವಿವರಿಸಿದನು.

ತೆನೊ ಪಟ್ಟ ಆಗ ಹಿಲಾರಿಯುಸ್ ಅಜ್ಜನವರದು. ಅವರ ಒಪ್ಪಿಗೆಯಿಲ್ಲದೆ ಒಂದು ಹಿಡಿ ಮಣ್ಣೂ ಕೈ ಬದಲಾಯಿಸುವಂತಿರಲಿಲ್ಲ. ನೆಲ ಮಾರಾಟದ ಮಾತೆತ್ತಿದಾಗ ಅಜ್ಜ ಕಿವಿ ಕೇಳದವರಂತೆ ಕೂತರು. "ನಮ್ಮಲ್ಲಿ ನೆಲ ಮಾರಲ್ಲ, ಪಾಕ್. ನೆಲ ಕೇಳ್ತಾರೆ. ಹೊರಗಿನವರು ಬಿಳಿ ಹುಂಜ ಹಿಡಕೊಂಡು, ಸೋರೆಬುರುಡೆ ತುಂಬ ಕಳ್ಳು ತಂದು, ಊರೆಲ್ಲ ಸಭೆ ಸೇರೋ ಡೋಲು ಮನೇಲಿ ಎಲ್ಲರ ಮುಂದೆ ಕೇಳಬೇಕು. ನಾನು ಹುಂಜ ಕೈಗೆ ತಗೊಂಡ್ರೆ ಕೊಟ್ಟ ಹಾಗೆ. ತಗೊಂಡ ಮೇಲೆ ನಾನೂ ಹಿಂದೆ ಕೊಡೋ ಹಾಗಿಲ್ಲ" ಎಂದರು.

ಪಾಕ್ ಲುಕ್ಮಿತೊರಿಗೆ ಆನಂದವಾಯಿತು. ಒಂದು ಹುಂಜ! ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಹುಂಜ ಸಂಪ್ರದಾಯಕ್ಕೆ, ಸಂಪ್ರದಾಯದ ಆಚೆಗೆ ಮನೆಯವರನ್ನು ಸಂತೋಷಪಡಿಸುವ ಇನ್ನೊಂದು ಬಾಬತ್ತು ಉಂಟು ಎಂದು ವಿತಾಲಿಸ್ ಬಹಳ ನಯವಾಗಿ ತಿಳಿಸಿದನು. ಆನಂದ ಸ್ವಲ್ಪ ಇಳಿಯಿತು, ಆದರೆ ವ್ಯವಹಾರ ಕುದುರಿತು. ಭಾನುವಾರ ಪೂಜೆ ಮುಗಿದ ಮೇಲೆ ಡೋಲು ಮನೆಯಲ್ಲಿ ಸೇರುವುದೆಂದಾಯಿತು.

ಈಗ ಹುಂಜ ಬೇಕು. ಜಕಾರ್ತದಿಂದ ಬಂದವರ ಬಳಿ ಹುಂಜ ಎಲ್ಲಿರುತ್ತದೆ? ಅವರ ಪರವಾಗಿ ವಿತಾಲಿಸನೇ ಒದಗಿಸಬೇಕು. ಅವನ ಅಂಗಳದಲ್ಲಿ ನಾಲ್ಕು ಬಿಳಿ ಹುಂಜಗಳು ಎದೆಯುಬ್ಬಿಸಿ ಓಡಾಡುತ್ತಿದ್ದವು. ಅಷ್ಟು ದೊಡ್ಡ ವ್ಯವಹಾರ ಮುಷ್ಟಿಯೊಳಗೆ ಬಂದು ಕೂತಿದ್ದರೂ ಒಂದು ಹುಂಜ ಕಳೆದುಕೊಳ್ಳುವುದಕ್ಕೆ ಅವನ ಜೀವ ಒಪ್ಪಲಿಲ್ಲ. ಶನಿವಾರ ಬೆಳಿಗ್ಗೆ ನಾನು ಕ್ರಿಸ್ಪಿನಾಳ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಶುಂಠಿ ಹಾಕಿದ ಕಾಫಿ ಕುಡಿಯುತ್ತಿರುವಾಗ ಅವನು ಬಂದನು.

"ಮಗಳೇ ರೆನ್ಸಿ, ನಿನ್ನ ಹತ್ತಿರ ಒಂದು ಬಿಳಿ ಹುಂಜ ಇದೆಯಲ್ಲ?"

"ಇದೆ ದೊಡ್ಡಪ್ಪ. ನಿಮ್ಮ ಹತ್ತಿರ ನಾಲ್ಕಿವೆಯಲ್ಲ?"

"ಅವಕ್ಕೆ ನೆಗಡಿಯಾಗಿದೆ."

ಒಲೆಯ ಮುಂದಿನಿಂದ ಕ್ರಿಸ್ಪಿನಾ ತಿರುಗಿದಳು. "ನಾಲ್ಕಕ್ಕೂನಾ ಭಾವ? ಅಯ್ಯೋ ಪಾಪ. ಹಾಗಾದ್ರೆ ಇವತ್ತು ಬೆಳಗಿನ ಜಾವ ನಿಮ್ಮ ಅಂಗಳದಲ್ಲಿ ಕೂಗಿದ್ದು ಯಾರು, ನೀವೇನಾ?"

ವಿತಾಲಿಸ್ ಅದನ್ನು ಕೇಳಿಸಿಕೊಳ್ಳಲಿಲ್ಲ. "ನಾಳೆ ಅತಿಥಿಗಳು ಕೇಳೋದಕ್ಕೆ ಬೇಕು. ಊರಿನ ಮರ್ಯಾದೆ ಪ್ರಶ್ನೆ."

"ಏನು ಕೇಳೋದಕ್ಕೆ?" ಎಂದಳು ರೆನ್ಸಿ. ಗೊತ್ತಿಲ್ಲದೆ ಕೇಳಿದ್ದಲ್ಲ. ಅವನ ಬಾಯಿಂದಲೇ ಬರಲಿ ಎಂದು ಕೇಳಿದ್ದು.

"ಅದೇ... ಮೇಲಿನ ನೆಲ. ನೋಡು ಮಗಳೇ, ನೀನು ಹೊರಗಿನವಳು, ನಿನಗ್ಯಾಕೆ ಈ ಭಾರ? ಹಗುರವಾಗಿಬಿಡು. ಹುಂಜದ ಜತೆಗೆ ಒಂದು ಬುರುಡೆ ಕಳ್ಳನ್ನೂ ನೀನೇ ಹೊಂದಿಸಿಬಿಟ್ರೆ..."

"ನನ್ನ ಹೊಲ ಬಿಡಿಸೋ ಹುಂಜ ನಾನೇ ಕೊಡಬೇಕು. ಕಳ್ಳೂ ನಂದೇ."

"ನಿನ್ನ ಹೊಲ ಅನ್ನಬೇಡ."

"ಸರಿ. ಯಾರ ಹೊಲಾನೋ ಬಿಡಿಸೋ ಹುಂಜ."

ಒಲೆಯಲ್ಲಿ ಹಸಿ ಸೌದೆ ಸುಂಯ್ಗುಡುತ್ತಿತ್ತು. ಆಮೇಲೆ ರೆನ್ಸಿ, "ನಿಮ್ಮ ಮನೆಗೆ ತಂದು ಕೊಡಲಾ?" ಎಂದು ಕೇಳಿದಳು.

"ಬೇಡ ಬೇಡ, ಅಷ್ಟು ಓಡಾಟ ಯಾಕೆ? ನೇರ ಡೋಲು ಮನೆಗೇ ತಂದುಬಿಡು. ನನಗೆ ಮಂಡಿ ನೋವು, ಹುಂಜ ಹಿಡಕೊಂಡು ಆ ಮೆಟ್ಟಿಲು ಹತ್ತಲಾರೆ."

"ಆಯ್ತು ದೊಡ್ಡಪ್ಪ. ನನ್ನ ಕೈಯಾರೆ ತರ್ತೀನಿ."

ವಿತಾಲಿಸ್ ಹೋದ ಮೇಲೆ ಕ್ರಿಸ್ಪಿನಾ ಮಗಳನ್ನು ಬಾಯಿಗೆ ಬಂದಂತೆ ಬೈದಳು. ರೆನ್ಸಿ ಹುಂಜಕ್ಕೆ ಒಂದು ಹಿಡಿ ಜೋಳ ಹಾಕಿ, ಅದು ತಿನ್ನುವುದನ್ನೇ ನೋಡುತ್ತ ಕುಳಿತಳು.

ಭಾನುವಾರ ಡೋಲು ಮನೆ ತುಂಬಿಹೋಯಿತು. ಗಂಡಸರು ನಡುಗಂಬದ ಸುತ್ತ, ಹೆಂಗಸರು ಹಿಂದೆ ಒಲೆಯ ಕಡೆ. ಪಾಕ್ ಲುಕ್ಮಿತೊರನ್ನು ಚಾಪೆಯ ಮೇಲೆ ಅಜ್ಜನವರ ಎದುರಿಗೆ ಕೂರಿಸಿದರು. ಕಾಲು ಮಡಿಸಿ ಕುಳಿತು ಅಭ್ಯಾಸವಿಲ್ಲದ ಅವರು ಆಗಾಗ ಒಂದೊಂದು ಕಾಲನ್ನು ಕೈಯಿಂದ ಎತ್ತಿ ಬೇರೆ ಕಡೆ ಇಡುತ್ತಿದ್ದರು. ವಿತಾಲಿಸ್ ಎದ್ದು ನಿಂತು ಭಾಷಣ ಮಾಡಿದನು. ಒಳ್ಳೆಯ ಭಾಷಣ, ನಾನೇ ಬರೆದುಕೊಟ್ಟಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ನಮ್ಮ ಅಜ್ಜಂದಿರು ದೊಡ್ಡ ಮನಸ್ಸಿನವರು! ಈ ಮನೆಗೆ ಹುಂಜ ಹಿಡಕೊಂಡು ಬಂದ ಯಾವ ಹೊರಗಿನವರನ್ನೂ ಬರಿಗೈಲಿ ಕಳಿಸಿದವರಲ್ಲ! ಯಾರು, ಎಲ್ಲಿಯವರು, ಯಾಕೆ ಅಂತ ಕೇಳಿದವರಲ್ಲ! ನಾವು ಅವರ ಮೊಮ್ಮಕ್ಕಳು ಹೌದೋ ಅಲ್ಲವೋ?"

"ಹೌದು!" ಎಂದರು ಗಂಡಸರೆಲ್ಲ. ಪಾಕ್ ಲುಕ್ಮಿತೊರು ತಂದಿದ್ದ ಬಿಸ್ಕತ್ತಿನ ಡಬ್ಬಗಳು ಆಗಲೇ ಒಂದು ಸುತ್ತು ಬಂದಿದ್ದವು.

ಅದೇ ಹೊತ್ತಿಗೆ ರೆನ್ಸಿ ಎದುರು ಬಾಗಿಲಿನಿಂದ ಒಳಗೆ ಬಂದಳು. ಕಂಕುಳಲ್ಲಿ ಬಿಳಿ ಹುಂಜ, ಇನ್ನೊಂದು ಕೈಯಲ್ಲಿ ಸೋರೆಬುರುಡೆ. ಚರ್ಚಿಗೆ ಹಾಕಿಕೊಳ್ಳುವ ಕುಪ್ಪಸ ತೊಟ್ಟು, ನೇಯ್ಗೆಯ ಕಪ್ಪು ಲುಂಗಿ ಉಟ್ಟಿದ್ದಳು. ವಿತಾಲಿಸ್, "ಕೊಡು, ಪಾಕ್ ಅವರ ಕೈಗೆ ಕೊಡು" ಎಂದು ಸನ್ನೆ ಮಾಡಿದನು. ಹುಂಜ ಕತ್ತು ಚಾಚಿ ಪಾಕ್ ಲುಕ್ಮಿತೊರನ್ನು ಒಂದು ಕಣ್ಣಿನಿಂದ ನೋಡಿತು. ಅವರು ಅಂಗಿಯ ಎದೆಗೆ ಕೈ ಅಡ್ಡ ಹಿಡಿದು, "ಪರವಾಗಿಲ್ಲ, ಪರವಾಗಿಲ್ಲ, ಅವರೇ ಹಿಡಿದಿರಲಿ" ಎಂದು ಹಿಂದಕ್ಕೆ ಸರಿದರು.

ಅವಳು ಅವರನ್ನು ದಾಟಿ ಹೋಗಿ ಹಿಲಾರಿಯುಸ್ ಅಜ್ಜನ ಮುಂದೆ ಮಂಡಿಯೂರಿದಳು. ಬುರುಡೆಯನ್ನು ಕೆಳಗಿಟ್ಟಳು. ಹುಂಜವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ಹುಟ್ಟಿದಾಗಿನಿಂದ ಒಲೆಯ ಕಡೆ ಕುಳಿತು ಕೇಳಿದ್ದ ಮಾತನ್ನು ತಡವರಿಸದೆ ಹೇಳಿದಳು: "ಅಜ್ಜ, ಬಾಯಾರಿಕೆಗೆ ಕಳ್ಳು ತಂದಿದೀನಿ, ಮಾತಿಗೆ ಹುಂಜ ತಂದಿದೀನಿ. ನನಗೆ ನೆರಳಿಲ್ಲ, ನೆಲ ಇಲ್ಲ. ಬ್ಲಾಸಿಯುಸ್ ಪಾಂತುರ್ ಬಿಟ್ಟು ಹೋದ ಹೊಲದಲ್ಲಿ ಗುದ್ದಲಿ ಊರೋದಕ್ಕೆ ಜಾಗ ಕೇಳ್ತಿದೀನಿ."

ಆಗ ನಡೆದದ್ದನ್ನು ನಮ್ಮೂರಿನಲ್ಲಿ ಇಂದಿಗೂ ಎರಡು ವಿಧವಾಗಿ ಹೇಳುತ್ತಾರೆ. ಅಜ್ಜನವರು ಅರ್ಧ ನಿದ್ದೆಯಲ್ಲಿದ್ದರು, ತೆನೊ ಆದಾಗಿನಿಂದ ಎದುರಿಗೆ ಹುಂಜ ಕಂಡರೆ ಕೈ ತಾನಾಗಿ ಮುಂದೆ ಹೋಗುವ ಅಭ್ಯಾಸ ಎಂದು ಕೆಲವರು. ನಿದ್ದೆಯಲ್ಲಿರಲಿಲ್ಲ ಎಂದು ಕೆಲವರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕಣ್ಣು ತೆರೆದಿದ್ದವು ಎಂದಷ್ಟೇ ಹೇಳಬಲ್ಲೆ. ಹೇಗಾದರಾಗಲಿ, ಅವರು ಕೈ ಚಾಚಿ ಹುಂಜವನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು.

"ಬಿಡಿ! ಅಜ್ಜ, ಅದನ್ನ ಕೆಳಗೆ ಬಿಡಿ!" ವಿತಾಲಿಸನ ಮಂಡಿ ನೋವು ತಟಕ್ಕನೆ ವಾಸಿಯಾಗಿ ಅವನು ಹಾರಿ ಬಂದನು. "ಅದು ಪಾಕ್ ಅವರ ಹುಂಜ!"

"ಹೌದಾ?" ಎಂದರು ಅಜ್ಜ ಹುಂಜದ ಬೆನ್ನು ಸವರುತ್ತ. "ಅವರ ಕೈಲಿರಲಿಲ್ಲವಲ್ಲ."

"ಅವರ ಪರವಾಗಿ ತಂದದ್ದು!"

ಒಲೆಯ ಕಡೆಯಿಂದ ಕ್ರಿಸ್ಪಿನಾಳ ಧ್ವನಿ ಕೇಳಿತು. "ಪಾಕ್ ಅವರು ಅದನ್ನ ಯಾವಾಗ ಸಾಕಿದ್ರು ಭಾವ? ನಮ್ಮ ಮನೇಲಿ ಬಿಟ್ಟು ಹೋಗಿದ್ರಾ? ನಿಮ್ಮ ಮನೆಯವಕ್ಕೆ ನೆಗಡಿ ಅಂತ ಇಲ್ಲಿ ಬಿಟ್ಟಿದ್ರು ಅನಿಸುತ್ತೆ."

ಹೆಂಗಸರ ಕಡೆ ನಗು ಎದ್ದಿತು. ನೆಗಡಿಯ ಕಥೆ ಬೆಳಗಿನ ಪೂಜೆಗೆ ಮೊದಲೇ ಊರೆಲ್ಲ ಸುತ್ತಿತ್ತು.

"ಇವಳು ಹೆಂಗಸು!" ಎಂದು ವಿತಾಲಿಸ್ ಕೂಗಿದನು. "ಹೆಂಗಸು ಕೇಳೋದು ಎಲ್ಲಾದರೂ ಉಂಟಾ?"

ರೆನ್ಸಿ ಮಂಡಿಯೂರಿದಲ್ಲಿಂದಲೇ ತಿರುಗಿ ನೋಡಿದಳು. "ದೊಡ್ಡಪ್ಪ, ನೀವೇ ಹೇಳಿ. ನಾನು ಈ ಮನೆತನದ ಒಳಗಿನವಳಾದ್ರೆ ಅಪ್ಪನ ಪಾಲು ಪೂರ್ತಿ ನನಗೆ ಬರಬೇಕು. ಹುಂಜ ಹಿಂದೆ ಕೊಡಿ, ಮನೆಗೆ ಹೋಗ್ತೀನಿ. ಹೊರಗಿನವಳಾದ್ರೆ, ಹುಂಜ ತಂದ ಹೊರಗಿನವರನ್ನ ಬರಿಗೈಲಿ ಕಳಿಸಲ್ಲ ಅಂತ ಈಗ ತಾನೇ ಅಂದ್ರಿ. ಯಾವುದಾದ್ರೂ ಒಂದು ಹೇಳಿ. ನನಗೆ ಎರಡೂ ಸರಿ."

ವಿತಾಲಿಸ್ ಸುತ್ತಲೂ ನೋಡಿ, "ಕಾಫಿ ತಣ್ಣಗಾಯ್ತು, ಯಾರಾದ್ರೂ ಬಿಸಿ ತನ್ನಿ" ಎಂದನು.

ಪಾಕ್ ಲುಕ್ಮಿತೊರು ಫ್ಲಾವಿಯಾನುಸನ ಕಡೆ ಬಾಗಿ, "ಏನಾಗ್ತಿದೆ?" ಎಂದು ಪಿಸುಗುಟ್ಟಿದರು.

"ನಿಮ್ಮ ನೆಲ ಹೋಯ್ತು, ಪಾಕ್."

"ಎಲ್ಲಿಗೆ ಹೋಯ್ತು?"

"ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಆದ್ರೆ ಹೋಯ್ತು."

ಅಜ್ಜನವರು ಕಳ್ಳನ್ನು ತೆಂಗಿನ ಚಿಪ್ಪಿಗೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು, ಒಂದು ಗುಟುಕನ್ನು ಸತ್ತವರಿಗೆಂದು ನೆಲದ ಸಂದಿಯಲ್ಲಿ ಬಿಟ್ಟರು. ಬಳಿಕ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದರು. "ತಗೊಂಡದ್ದು ತಗೊಂಡಾಯ್ತು. ಆದರೆ ಹೆಬ್ಬೆರಳು ಒಳಗಿನವರ ಅಳತೆ. ಕೇಳಿಕೊಂಡು ಬಂದ ಹೊರಗಿನವರಿಗೆ ಕಿರುಬೆರಳು. ಅವಳಿಗೆ ಕಿರುಬೆರಳು ಅಳೆದು ಕೊಡ್ತೀನಿ. ಮಿಕ್ಕಿದ್ದು ವಿತಾಲಿಸನ ಮಕ್ಕಳಿಗೆ."

ವಿತಾಲಿಸನ ಮುಖಕ್ಕೆ ಮತ್ತೆ ರಕ್ತ ಬಂತು. ರೆನ್ಸಿಯ ಮುಖದಲ್ಲಿದ್ದ ರಕ್ತ ಇಳಿಯಿತು. ಕಿರುಬೆರಳೆಂದರೆ ಕಾಫಿಯಲ್ಲಿ ಅರ್ಧ ಹೋದಂತೆ. ಆದರೂ ಅವಳು, "ದೊಡ್ಡ ಉಪಕಾರ, ಅಜ್ಜ" ಎಂದಳು.

ಊರಿಗೆ ಊರೇ ಹೊಲಕ್ಕೆ ಹೊರಟಿತು. ಪಾಕ್ ಲುಕ್ಮಿತೊರೂ ಬಂದರು. ಮಿಕ್ಕ ಭಾಗದಲ್ಲಿ ಅವರಿಗಿನ್ನೂ ಆಸೆಯಿತ್ತು. ನಡುಗೂಟದ ಬಳಿ ಅಜ್ಜನವರು ಕುಕ್ಕರುಗಾಲಿನಲ್ಲಿ ಕುಳಿತು ಬಲಗೈ ಮುಂದೆ ಮಾಡಿದರು. ಅಜ್ಜನವರಿಗೆ ವಾತದ ಕಾಯಿಲೆ. ಅವರ ಬೆರಳುಗಳೆಲ್ಲ ಸಾಧಾರಣವಾಗಿದ್ದರೂ ಬಲಗೈಯ ಕಿರುಬೆರಳು ಮಾತ್ರ ಊದಿ, ಗಂಟುಗಟ್ಟಿ, ಬೇರೆಯವರ ಹೆಬ್ಬೆರಳನ್ನು ನಾಚಿಸುವ ಹಾಗಿತ್ತು. ಅದನ್ನು ಅವರು ಪಾಂತುರನ ಪಾಲಿನ ಮೇಲೆ ಮೆಲ್ಲಗೆ ಮಲಗಿಸಿದರು. ಪಾಲಿನಲ್ಲಿ ಒಂದು ಜೋಳದ ಕಾಳು ಇಡುವಷ್ಟು ಜಾಗ ಉಳಿಯಿತು.

"ಅಜ್ಜ, ಅದು ಊದಿದ ಬೆರಳು!" ಎಂದನು ವಿತಾಲಿಸ್.

"ಹೌದಪ್ಪ, ಬಹಳ ನೋಯುತ್ತೆ. ಕೇಳಿದ್ದು ಒಳ್ಳೇದಾಯ್ತು."

"ಎಡಗೈಯಲ್ಲಿ ಅಳೀರಿ!"

"ಎಡಗೈಯಲ್ಲಿ ಅಳೆದ ನೆಲದಲ್ಲಿ ಇಲಿ ಜಾಸ್ತಿ. ನಿನ್ನ ಮಕ್ಕಳಿಗೆ ಬರೋ ಭಾಗಕ್ಕೆ ಇಲಿ ಬೇಕಾ?"

ಹಗ್ಗ ಎಳೆದರು. ಗೂಟದಿಂದ ಕಾಫಿಯ ನಡುವೆ ಹಾದು, ಬಿದಿರು ದಾಟಿ, ಗುಡ್ಡದ ನೆತ್ತಿಯವರೆಗೆ. ಕಾಫಿ ಬಹುಪಾಲು ಇತ್ತ ಉಳಿಯಿತು. ಒಡ್ಡು ಉಳಿಯಿತು. ಲವಂಗದ ಸಾಲು ಪೂರ್ತಿ ಅತ್ತ ಹೋಯಿತು. ವಿತಾಲಿಸನ ಮಕ್ಕಳಿಗೆ ನೆತ್ತಿಯಲ್ಲಿ ದಕ್ಕಿದ ಅಗಲದಲ್ಲಿ ಮೂವರೂ ಒಬ್ಬರ ಪಕ್ಕ ಒಬ್ಬರು ನಿಂತರೆ ಭುಜ ತಾಗುತ್ತಿತ್ತು. ಪಾಕ್ ಲುಕ್ಮಿತೊರು ಅಲ್ಲಿ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕ್ರಿಸ್ಪಿನಾ ಅವರಿಗೆ ಸಮಾಧಾನ ಹೇಳಿದಳು: "ತೆಳ್ಳಗೆ, ಎತ್ತರಕ್ಕೆ ಕಟ್ಟಿಸಿ ಪಾಕ್. ಮೇಲೆ ಹೋದ ಹಾಗೆಲ್ಲ ವ್ಯೂ ಜಾಸ್ತಿ."

ಅವರು ಸಭ್ಯರು, ನಕ್ಕರು. ಅಂದೇ ಹೊರಟರು. ಎರಡು ಗುಡ್ಡಗಳ ಆಚೆ ಇನ್ನೊಂದು ಊರಿನಲ್ಲಿ ಇದಕ್ಕಿಂತ ಅಗಲವಾದ ಸಮುದ್ರ ಸಿಕ್ಕಿತೆಂದು ಆಮೇಲೆ ಕೇಳಿದೆವು. ಅಲ್ಲಿಗೂ ಬರುವ ವರ್ಷ ಟಾರು ರಸ್ತೆ ಬರುತ್ತದಂತೆ.

ಜನ ಕರಗಿದ ಮೇಲೆ ರೆನ್ಸಿ ಹಗ್ಗದ ಆಚೆಗಿದ್ದ ಲವಂಗದ ಮರಗಳನ್ನು ನೋಡುತ್ತ ನಿಂತಿದ್ದಳು. ಅಪ್ಪನ ಜತೆ ಇಟ್ಟ ಸಸಿಗಳು. ಆ ವರ್ಷವೇ ಮೊದಲ ಮೊಗ್ಗು ಕಂಡಿದ್ದವು. ಫ್ಲಾವಿಯಾನುಸ್ ತಲೆ ಕೆರೆದುಕೊಳ್ಳುತ್ತ ಹತ್ತಿರ ಹೋಗಿ, "ರೆನ್ಸಿ, ಈ ವರ್ಷದ ಮೊಗ್ಗು ನೀನೇ ಕಿತ್ಕೋ. ನಮಗೆ ಮರ ಹತ್ತೋಕೆ ಬರಲ್ಲ" ಎಂದನು. ಅದು ಸೋಮಾರಿತನವೋ ಪ್ರೀತಿಯೋ ಎಂದು ಅವಳು ವಿಚಾರಿಸಲಿಲ್ಲ. "ಮುಂದಿನ ವರ್ಷ ಬಾ, ಹತ್ತೋದು ಕಲಿಸ್ತೀನಿ" ಎಂದಳು.

ನೆಲ ಪಡೆದವರಿಗೆ ನಮ್ಮ ಊರಿನಲ್ಲಿ ಗೌರವ ಬಹಳ. ಆ ಗೌರವದ ಪ್ರಕಾರ ಡೋಲು ಮನೆಯ ಹುಲ್ಲು ಹೊದಿಸುವುದಕ್ಕೆ ಅವಳ ಪಾಲಿನ ಹೊರೆ ಬಂತು, ಹಬ್ಬದ ಹಂದಿಗೆ ಅವಳ ಪಾಲು ಬಂತು, ಕಾಲುವೆಯ ಹೂಳೆತ್ತುವ ಸರದಿ ಬಂತು. ಅದುವರೆಗೆ ಹೆಣ್ಣಿಗೆ ಇವೆಲ್ಲ ಆಗದು ಎನ್ನುತ್ತಿದ್ದ ಗಂಡಸರು ಈ ವಿಷಯದಲ್ಲಿ ಒಂದೇ ದಿನದಲ್ಲಿ ಸುಧಾರಣಾವಾದಿಗಳಾದರು. ಅವಳು ಎಲ್ಲವನ್ನೂ ಹೊತ್ತಳು. ವಿತಾಲಿಸ್ ಒಂದು ಕೊಯ್ಲಿನವರೆಗೆ ಅವಳ ಜತೆ ಮಾತು ಬಿಟ್ಟನು. ಅವಳಿಗೆ ಅದರಿಂದ ಬಿಡುವು ಸಿಕ್ಕಿತು.

ಮೊದಲ ಮಳೆಗೆ ಮುಂಚೆ ನೆಲದವರೆಲ್ಲ ಡೋಲು ಮನೆಯಲ್ಲಿ ಸೇರಿ ಬಿತ್ತನೆ ಯಾವತ್ತು ಎಂಬುದನ್ನು ನಿಶ್ಚಯಿಸುತ್ತಾರೆ. ಆ ವರ್ಷ ರೆನ್ಸಿಯೂ ಹೋದಳು. ಅವಳಿಗೆ ಹೊಗೆ ಹೆಚ್ಚಾಗಿ ಬರುವ ಮೂಲೆ ತೋರಿಸಿದರು. ಅವಳು ಅಲ್ಲಿ ಕುಳಿತು ಎಲೆಯಡಿಕೆ ಬಿಚ್ಚಿಕೊಂಡಳು. ವಿತಾಲಿಸ್ ಎಂದಿನಂತೆ ಎದ್ದು, "ಎಂದಿನ ಹಾಗೆ ಮೊದಲ ಮಳೆ ಬಿದ್ದ ಮಾರನೇ ದಿನ. ಎಲ್ಲರಿಗೂ ಒಪ್ಪಿಗೆ, ಅಲ್ವಾ?" ಎಂದು ಕೂರುವುದರಲ್ಲಿದ್ದನು. ಆ ಸಭೆ ಯಾವಾಗಲೂ ಅಷ್ಟರಲ್ಲೇ ಮುಗಿಯುತ್ತಿತ್ತು.

"ನನಗಿಲ್ಲ" ಎಂದಳು ರೆನ್ಸಿ. "ನಿಮ್ಮ ಹೊಳೆ ದಂಡೆಗೆ ಒಂದು ಮಳೆ ಸಾಕು, ದೊಡ್ಡಪ್ಪ. ಮೇಲಿನ ಅಂಚಿಗೆ ಸಾಲಲ್ಲ. ಇನ್ನೆರಡು ಮಳೆ ಆಗಲಿ."

ಗಂಡಸರೆಲ್ಲ ಹಿಲಾರಿಯುಸ್ ಅಜ್ಜನ ಕಡೆ ನೋಡಿದರು. ಅಜ್ಜ ಮಾಡಿನ ಹೊಸ ಹುಲ್ಲನ್ನು ನೋಡುತ್ತಿದ್ದರು. ಮೇಲಿನ ಅಂಚಿನಲ್ಲಿ ಪಾಲಿದ್ದ ಇನ್ನಿಬ್ಬರು ಕೆಮ್ಮಿ, ಅವಳು ಹೇಳುವುದರಲ್ಲೂ ಅರ್ಥವಿದೆ ಎಂದರು. ಹೊಳೆಯ ಕಡೆಯವರು ಇಲ್ಲ ಎಂದರು. ಒಬ್ಬನು ಎದ್ದು ನಿಂತನು, ಇನ್ನೊಬ್ಬನು ಅವನನ್ನು ಕೂರಿಸಿದನು. ಕೆಟಲು ಬರಿದಾಯಿತು.

"ಇದು ಬೇಗ ಮುಗಿಯೋ ಹಾಗೆ ಕಾಣಲ್ಲ. ಇನ್ನೊಂದು ಕೆಟಲು ಕಾಫಿ ಇಡ್ರಮ್ಮ!" ಎಂದು ಅಜ್ಜನವರು ಒಲೆಯ ಕಡೆ ಕೂಗಿದರು.

"ಇವತ್ತು ನೀವೇ ಯಾರಾದ್ರೂ ಬಂದು ಇಟ್ಕೊಳ್ಳಿ" ಎಂದಳು ಒಳಗಿನಿಂದ ಕ್ರಿಸ್ಪಿನಾ. "ನಾನು ಕೇಳಿಸ್ಕೊಳ್ತಾ ಇದೀನಿ."